ಪಂಡಿತರ ಮನೆಯ ಕೈಮದ್ದು

ಹೊಳೆನರಸೀಪುರದ ಮಿಡ್ಲ್ ಸ್ಕೂಲಿನ ಕನ್ನಡ ಪಂಡಿತ ಅಪ್ಪಾಜಿಯವರು ಮಾಡಿದ ಮಹಾಪರಾಧವೆಂದರೆ, ಹೆಂಡತಿ ಅಂಬುಜಮ್ಮ ಉಪ್ಪು ಮರೆತು ಬಡಿಸಿದ ಸಾರನ್ನು ಸೊರ್ ಎಂದು ಹೀರಿ "ಅಮೃತ ಕಣೇ" ಎಂದದ್ದು. (ಅವರ ಗಮನವೆಲ್ಲ ಅವಳು ಮುಡಿದಿದ್ದ ಮಲ್ಲಿಗೆಯ ಮೇಲಿತ್ತು.) ಆಮೇಲೆ ಊಟಕ್ಕೆ ಕೂತ ತಾಯಿ ಸುಂದರಮ್ಮನವರು ಮೊದಲ ತುತ್ತಿಗೇ ಮುಖ ಸಿಂಡರಿಸಿದರು.

"ಈ ಬಿಸಿನೀರು ಅಮೃತವೇನೋ? ನಿನಗೆ ಯಾರೋ ಕೈಮದ್ದು ಹಾಕಿದಾರೆ ಕಣೋ!"

ಗಂಡನನ್ನು ವಶ ಮಾಡಿಕೊಳ್ಳಲು ಅನ್ನದಲ್ಲಿ ಕಲಸಿ ಇಕ್ಕುವ ಮದ್ದು ಅದು. 'ಯಾರೋ' ಎಂದರೆ ಯಾರೆಂದು ತಿಳಿಯಲು ಪಂಡಿತರಾಗಬೇಕಿರಲಿಲ್ಲ. ಅಂಬುಜಮ್ಮ ಟ್ರಂಕು ಎಳೆದಳು.

"ಇದ್ದಲಿನಲ್ಲಿ ಓಡೋ ಸಂಜೆ ಬಸ್ಸಿಗೆ ಅರಕಲಗೂಡಿಗೆ, ನಮ್ಮಮ್ಮನ ಮನೆಗೆ ಹೋಗ್ತೀನಿ. ಮದ್ದು ಹಾಕಿದೋಳು ಅನ್ನಿಸ್ಕೊಂಡು ಇಲ್ಲಿರೋಲ್ಲ."

ಪಂಡಿತರ ಎದೆ ಧಸಕ್ಕೆಂದಿತು. ಅವಳಿಲ್ಲದ ಮನೆಯನ್ನು ನೆನೆದು ಟ್ರಂಕಿಗೆ ಅಡ್ಡ ನಿಂತರು. ಕೈಯಲ್ಲಿದ್ದ ಏಕೈಕ ಆಯುಧ ಶಬ್ದಶಾಸ್ತ್ರ, ಅದನ್ನೇ ಬೀಸಿದರು.

"ಅಮ್ಮಾ, ಹಳಗನ್ನಡದಲ್ಲಿ ಇದು 'ಮರ್ದು'. ರಕಾರ ಹೋಗಿ ಮದ್ದು ಆಯ್ತು. ತಮಿಳರು ಮರುಂದು ಅಂತಾರೆ. ಮೂಲದಲ್ಲಿ ಬರೀ ಔಷಧ ಅಂತಲೇ ಅರ್ಥ! ಪಾಪ, ಹೆಂಡತಿಯರ ಮೇಲೆ ಹೊರಿಸಿದ್ದೆಲ್ಲ ಆಮೇಲೆ…"

"ರಕಾರ ಹೋದ್ರೆ ಹೋಗ್ಲಿ, ನನ್ನ ಮಗನೇ ಹೋದ್ನಲ್ಲೋ!"

ಸುಂದರಮ್ಮನವರು ಸಂತೆಗೆ ಬಂದಿದ್ದ ನಾರುಬೇರಿನ ಲಕ್ಕಯ್ಯನನ್ನು ಕರೆಸಿಯೇಬಿಟ್ಟರು. ಅವನು ಯಾವುದೋ ಬಳ್ಳಿಯ ಎಲೆ ಕಿವುಚಿ, ರಸವನ್ನು ಪಂಡಿತರ ಅಂಗೈಗೆ ಹುಯ್ದ.

"ಗಟ್ಟಿಯಾದ್ರೆ ಒಟ್ಟೇಲಿ ಮದ್ದೈತೆ ಅಂತ್ಲೇ ಕಣ್ರವ್ವಾ. ಈ ಸೊಪ್ಪು ಸುಳ್ಳೇಳಾಕಿಲ್ಲ."

ರಸ ಮೊಸರಿನಂತೆ ಹೆಪ್ಪುಗಟ್ಟಿತು. ಸುಂದರಮ್ಮನವರು ಗೆದ್ದ ಮುಖ ಮಾಡಿದರು.

"ನನ್ನ ಕೈಗೂ ಹುಯ್ಯಪ್ಪ," ಎಂದಳು ಅಂಬುಜಮ್ಮ, ಕಣ್ಣೊರೆಸಿಕೊಂಡು. ಅವಳ ಕೈಯಲ್ಲೂ ಹೆಪ್ಪು!

"ಯಾರಾದ್ರೂ ತಮಗೆ ತಾವೇ ಮದ್ದು ಹಾಕ್ಕೋತಾರಾ ಅತ್ತೆ?"

ಸುಂದರಮ್ಮನವರು ಗಾಬರಿಯಿಂದ ತಾವೂ ಕೈ ಒಡ್ಡಿದರು. ಅಲ್ಲೂ ಅದೇ ಗತಿ. ಲಕ್ಕಯ್ಯ ತಲೆ ಕೆರೆದುಕೊಂಡು, "ಬತ್ತೀನ್ರವ್ವಾ" ಎಂದು ಗಂಟು ಹೊತ್ತು ಮಾಯವಾದ.

ಹಾಗಾದರೆ ಮೂವರಿಗೂ ಹಾಕಿದ್ದು ಯಾರು? ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ತಿಂಗಳಿಗೊಮ್ಮೆ ಅಂಬುಜಮ್ಮ ಹೊರಗೆ ಕೂರುವ ಮೂರು ದಿನ, ಮಂಡಿನೋವಿನ ಅತ್ತೆ ಒಲೆ ಮುಂದೆ ಕೂರಲಾರದ್ದರಿಂದ, ಮಡಿಯುಟ್ಟು ಅಡಿಗೆ ಮಾಡುತ್ತಿದ್ದವರು ಪಂಡಿತರೇ!

"ಎಲಾ ಇವನಾ!" ಎಂದರು ಸುಂದರಮ್ಮನವರು. "ಅಂಬುಜಾ, ಟ್ರಂಕು ಒಳಗಿಡೇ. ಇನ್ನು ಭಾನುವಾರದ ಅಡಿಗೇನೂ ಇವನದೇ. ಹಾಕಿದೋನೇ ಹಾಕ್ಲಿ."

ಟ್ರಂಕು ಒಳಗೆ ಹೋದದ್ದೇ ಸಾಕೆಂದು ಪಂಡಿತರು ಒಪ್ಪಿಕೊಂಡರು. ಭಾನುವಾರ ಹಸಿ ಸೌದೆಯ ಹೊಗೆಯಲ್ಲಿ ಕಣ್ಣೀರಿಡುತ್ತ ಸಾರು ಕಾಸಿದರು. ಅತ್ತೆ ಸೊಸೆ ಒಟ್ಟಿಗೇ ಎಲೆಯ ಮುಂದೆ ಕೂತರು.

"ಅಮೃತ ಅಲ್ವಾ ಅತ್ತೆ?"

"ಅಮೃತ ಕಣೇ. ಇನ್ನೊಂದು ಸೌಟು ಹಾಕೋ!"

ಪಂಡಿತರು ಹಿಗ್ಗಿ ಹೀರೇಕಾಯಿಯಾದರು. ಇಬ್ಬರೂ ಎದ್ದು ಜಗಲಿಗೆ ಹೋದ ಮೇಲೆ ತಾವೂ ಅನ್ನಕ್ಕೆ ಧಾರಾಳವಾಗಿ ಸುರಿದುಕೊಂಡು ಬಾಯಿಗಿಟ್ಟರು. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಜಗಲಿಯಲ್ಲಿ ಅತ್ತೆ ಸೊಸೆ ಬಿದ್ದು ಬಿದ್ದು ನಗುತ್ತಿದ್ದರು.