ಮಾರ್ಥಕ್ಕನ ಗಂಟಲು, ನಮ್ಮೆಲ್ಲರ ಬಾಯಿ

ದೇವಾಲಯದಲ್ಲಿ ಕಣ್ಣು ಮುಚ್ಚಿ ನಿಂತವರ ಪೈಕಿ ನಿಜವಾಗಿ ಪ್ರಾರ್ಥಿಸುವವರು ಯಾರೆಂದು ತಿಳಿಯಲು ಒಂದೇ ಉಪಾಯವಿದೆ: ನೀವು ಕಣ್ಣು ತೆರೆದುಕೊಂಡಿರಬೇಕು. ನಾನು ಹನ್ನೆರಡು ವರ್ಷದಿಂದ ತೆರೆದುಕೊಂಡೇ ಇದ್ದೇನೆ. ಹೊಸನಗರ, ತೀರ್ಥಹಳ್ಳಿ ಕಡೆಯೆಲ್ಲ ಅಲೆದು ಹಳೆಯ ಬಾಗಿಲು, ಕಿಟಕಿ, ತೊಲೆ ಕೊಂಡು ಸಾಗರದಲ್ಲಿ ಮಾರುವವನು ನಾನು. ಈಗ ಹೊಸ ಅಣೆಕಟ್ಟಿನಿಂದ ಶರಾವತಿ ಹಿನ್ನೀರು ಏರಿ ಮುಳುಗುತ್ತಿರುವ ಊರುಗಳಿಂದಂತೂ ಬಾಗಿಲುಗಳೇ ನನ್ನನ್ನು ಹುಡುಕಿಕೊಂಡು ಬರುತ್ತಿವೆ. ಬಣ್ಣದ ಕೆಳಗೆ ಗಟ್ಟಿ ಮರವಿದೆಯೋ ಹುಳುಕಿದೆಯೋ ಎಂದು ಬೆರಳ ಗೆಣ್ಣಿನಿಂದ ಬಡಿದು ನೋಡುವುದು ನನಗೆ ಅಭ್ಯಾಸ. ಭಕ್ತಿಯನ್ನೂ ಹಾಗೆಯೇ ಬಡಿದು ನೋಡುತ್ತೇನೆ. ಬಹಳ ಮಟ್ಟಿಗೆ ಟೊಳ್ಳು ಸದ್ದೇ ಬರುತ್ತದೆ.

ನಮ್ಮ ಚರ್ಚಿನ ಸಭೆಯನ್ನೇ ನೋಡಿ. ಮರದ ಕಂಟ್ರಾಕ್ಟರರೊಬ್ಬರಿದ್ದಾರೆ. ಅವರು ಪ್ರಾರ್ಥನೆಯಲ್ಲಿ ದೇವರಿಗೆ ಹೇಳುವುದಕ್ಕಿಂತ ಪಕ್ಕದವರಿಗೆ ಹೇಳುವುದೇ ಹೆಚ್ಚು. “ಕರ್ತನೇ, ಈ ಸಾಲಿನಲ್ಲೇ ಕುಳಿತಿರುವ, ನೆರೆಯವನ ಬೇಲಿಯನ್ನು ಒಂದು ಮೊಳ ಒತ್ತಿದ ನಿನ್ನ ಮಗನ ಮನಸ್ಸನ್ನು ತಿರುಗಿಸು” ಎನ್ನುತ್ತಾರೆ. ದೇವರಿಗೆ ವಿಳಾಸ ಬೇರೆ ಬೇಕೆ? ಅವರ ಶ್ರೀಮತಿಯವರು ಮೊದಲ ಕೀರ್ತನೆ ಮುಗಿಯುವ ಹೊತ್ತಿಗೆ ಸರಿಯಾಗಿ ಬಂದು, ಸೀರೆ ಎಲ್ಲರಿಗೂ ಕಾಣುವಷ್ಟು ನಿಧಾನವಾಗಿ ಮುಂದಿನ ಬೆಂಚಿಗೆ ನಡೆಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರಿಗೆ ಕೀರ್ತನೆಯೆಂದರೆ ತಮ್ಮ ಬೆರಳಿನ ಓಟಕ್ಕೆ ಸಿಕ್ಕ ಬಯಲು. ಸ್ತುತಿ ಮಾಡಬೇಕೆನ್ನುವವರಿಗೆ ನನ್ನದೊಂದು ಸಲಹೆ: ಮೊದಲು ಅಕ್ಕಪಕ್ಕ ನೋಡುವುದನ್ನು ಬಿಡಿ. ನೋಡುವ ಕೆಲಸಕ್ಕೆ ನಾನಿದ್ದೇನೆ.

ಇಂಥ ಸಭೆಯಲ್ಲಿ ಮಾರ್ಥಕ್ಕ ಒಬ್ಬಳು. ಸಂತೆಯಲ್ಲಿ ಒಣಮೀನು ಮಾರುವ ವಿಧವೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದವರನ್ನು ಸಂತೆಯಿಂದಲೇ ಕೂಗಿ ಕರೆಯುವ ಗಂಟಲು. ಅದೇ ಗಂಟಲಿನಲ್ಲಿ ಭಾನುವಾರ ದೇವರನ್ನು ಕರೆಯುತ್ತಾಳೆ. ಶ್ರುತಿಗೂ ಅವಳಿಗೂ ಮಾತುಕತೆಯಿಲ್ಲ. ಹಾರ್ಮೋನಿಯಂ ಒಂದು ದಾರಿ ಹಿಡಿದರೆ ಅವಳದು ಇನ್ನೊಂದು ದಾರಿ. ತಲುಪುವುದು ಅವಳೇ ಮೊದಲು.

ಶಿವಮೊಗ್ಗದಿಂದ ದೊಡ್ಡ ಅಯ್ಯನವರು, ಅಂದರೆ ಹಿರಿಯ ಪಾದ್ರಿಗಳು, ಭಾನುವಾರ ನಮ್ಮಲ್ಲಿಗೆ ಪ್ರಸಂಗ ಮಾಡಲು ಬರುತ್ತಾರೆಂದು ಸುದ್ದಿ ಬಂದದ್ದೇ ಕಮಿಟಿ ಕೂಡಿತು. ಮಾರ್ಥಕ್ಕನ ಬಾಯಿ ಮುಚ್ಚಿಸಬೇಕು, ಯಾರು ಹೋಗುವುದು? ಎಲ್ಲರೂ ನನ್ನತ್ತ ನೋಡಿದರು. “ಸಮುವೇಲಣ್ಣ, ಚೌಕಾಸಿಯಲ್ಲಿ ನಿಮ್ಮನ್ನ ಮೀರಿಸೋರು ಯಾರಿದ್ದಾರೆ ಮಾರಾಯ್ರೆ” ಎಂದರು ಕಂಟ್ರಾಕ್ಟರರು. ಹೊಗಳಿಕೆ ಟೊಳ್ಳೆಂದು ತಿಳಿದೂ ನಾನು ಉಬ್ಬಿದೆ. ಗುರುವಾರ ಸಂತೆಗೆ ಹೋದೆ.

“ಮಾರ್ಥಕ್ಕ, ಈ ವಾರ ನಿಮ್ಮ ಗಂಟಲಿಗೆ ಸ್ವಲ್ಪ ವಿಶ್ರಾಂತಿ ಕೊಡಬಾರದಾ?”

“ನನ್ನ ಗಂಟಲಿಗೆ ಎಂತ ಆಗಿದೆ? ಸೀದಾ ಹೇಳಿ ಸಮುವೇಲಣ್ಣ. ಹಿಂದೆ ಗಿರಾಕಿ ಕಾಯ್ತಿದ್ದಾರೆ.”

“ದೊಡ್ಡ ಅಯ್ಯನವರು ಬರ್ತಾರಲ್ಲ. ನೀವು ಪಲ್ಲವಿ ಮಾತ್ರ ಹಾಡಿ. ಚರಣ ಬಂದಾಗ ಸುಮ್ನೆ ಬಾಯಿ ಆಡಿಸಿದ್ರೆ ಸಾಕು.”

ಅವಳು ಕೈಯಲ್ಲಿದ್ದ ಮೀನನ್ನು ಬುಟ್ಟಿಗೆ ಹಾಕಿದಳು. “ಬಾಯಿ ಆಡಿಸೋದಾ? ಯಾರಿಗೆ ತೋರ್ಸೋಕೆ?”

ನಾನು ಸ್ವಲ್ಪ ಬಿಟ್ಟುಕೊಟ್ಟೆ. “ಬೇಕಿದ್ರೆ ಕೊನೇ ಚರಣಾನೂ ನೀವೇ ಇಟ್ಕೊಳ್ಳಿ.”

“ಬ್ಯಾಡ ಬಿಡಿ. ನಮ್ಮನೆಯವರು ತೀರಿಕೊಂಡ ವಾರಾನೂ ನಾನು ಹಾಡು ಬಿಟ್ಟೋಳಲ್ಲ. ಆವಾಗ ನಂಗೆ ಉಳ್ದಿದ್ದು ಅದೊಂದೇ. ಅದನ್ನ ತುಂಡು ಮಾಡಿ ಕೊಡೋಕೆ ಆಗಲ್ಲ. ನಿಮಗೆಲ್ಲ ನಾಚಿಕೆ ಆಗೋದಾದ್ರೆ ಪೂರ್ತಿ ಸುಮ್ನಿರ್ತೀನಿ.”

ನನ್ನ ವ್ಯಾಪಾರದ ಜೀವನದಲ್ಲಿ ನಾನು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟವರು ಯಾರೂ ಇಲ್ಲ. ಅಲ್ಲೇ ಅನುಮಾನ ಪಡಬೇಕಿತ್ತು. ನಾನು ಮೀಸೆ ತಿರುವುತ್ತ ಮನೆಗೆ ಬಂದೆ.

ಭಾನುವಾರ ಎಲ್ಲರೂ ಇಸ್ತ್ರಿಯಾಗಿ ಬಂದಿದ್ದರು. ಮೇಷ್ಟ್ರು ಹಾರ್ಮೋನಿಯಂ ಎಳೆದರು. ಎಲ್ಲರೂ ಎದ್ದು ನಿಂತು ಪುಸ್ತಕ ತೆರೆದು ಬಾಯಿ ತೆರೆದೆವು. ಶಬ್ದವಿಲ್ಲ! ಕಂಟ್ರಾಕ್ಟರರ ತುಟಿ ಆಡುತ್ತಿತ್ತು, ಶ್ರೀಮತಿಯವರ ತುಟಿ ಆಡುತ್ತಿತ್ತು, ಕಮಿಟಿಯವರ ತುಟಿಗಳೆಲ್ಲ ತಾಳ ತಪ್ಪದೆ ಆಡುತ್ತಿದ್ದವು. ಅಲ್ಲೊಂದು ಇಲ್ಲೊಂದು ಗುಂಯ್ ಎಂದದ್ದು ಬಿಟ್ಟರೆ ಹಾರ್ಮೋನಿಯಂ ಒಂಟಿಯಾಗಿ ಅಳುತ್ತಿತ್ತು. ಇಷ್ಟು ವರ್ಷ ನಾವೆಲ್ಲ ಆ ಮೀನಿನವಳ ಗಂಟಲಿನ ಮರೆಯಲ್ಲಿ ಬಾಯಿ ಆಡಿಸುತ್ತ ನಿಂತಿದ್ದೆವು.

ದೊಡ್ಡ ಅಯ್ಯನವರು ಕೈಯೆತ್ತಿ ಹಾರ್ಮೋನಿಯಂ ನಿಲ್ಲಿಸಿದರು. “ಮುಂದಿನ ಬೆಂಚಿನ ಈ ಸಹೋದರರ ಬಾಯಿ ಉತ್ಸಾಹದಿಂದ ಆಡುತ್ತಿತ್ತು. ಅವರೇ ಶುರು ಮಾಡಲಿ, ನಾವು ಸೇರಿಕೊಳ್ಳೋಣ” ಎಂದು ನನ್ನನ್ನು ತೋರಿಸಿದರು. ನನಗೆ ಆ ಕೀರ್ತನೆಯ ರಾಗ ಗೊತ್ತಿರಲಿಲ್ಲ. ಅದನ್ನು ಹಾಡುವಾಗಲೆಲ್ಲ ನಾನು ಸೂರಿನ ತೊಲೆಗಳು ಯಾವ ಮರದವೆಂದು ಅಂದಾಜು ಮಾಡುತ್ತಿದ್ದೆ. ಹೆಂಗಸರ ಬೆಂಚಿನತ್ತ ದೀನನಾಗಿ ನೋಡಿದೆ. ಮಾರ್ಥಕ್ಕ ತಲೆ ತಗ್ಗಿಸಿದ್ದಳು. ಸಂತೆಯವಳು, ಕೊಟ್ಟ ಮಾತು ಕೊಟ್ಟದ್ದೇ. ನಾನು ಹಾಡಿದೆ. ಹೇಗೆ ಹಾಡಿದೆನೆಂದು ಕೇಳಬೇಡಿ; ನನ್ನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡದ್ದು ಪ್ರಾರ್ಥನೆಗಲ್ಲ.

ಆರಾಧನೆ ಮುಗಿದದ್ದೇ ಬಾಗಿಲಲ್ಲಿ ಅವಳನ್ನು ಹಿಡಿದೆ. “ಮಾರ್ಥಕ್ಕ, ತಪ್ಪಾಯ್ತು. ಮುಂದಿನ ವಾರ ಹಾಡಿ.”

“ಹಾಡ್ತೀನಿ. ಆದ್ರೆ ನೀವೂ ಹಾಡ್ಬೇಕು. ಗಂಟಲಿಂದ. ತೊಲೆ ನೋಡ್ಕಂಡಲ್ಲ.”

ಅಂದರೆ ಅವಳೂ ಕಣ್ಣು ತೆರೆದಿದ್ದಳು! ನಾನು ಚೌಕಾಸಿ ಮಾಡದೆ ಒಪ್ಪಿದ ವ್ಯಾಪಾರ ಅದೊಂದೇ.

ಅಂದಿನಿಂದ ಹಾಡುತ್ತಿದ್ದೇನೆ. ಮೊದಮೊದಲು ಹೆದರಿ ಹಾಡಿದೆ, ಆಮೇಲೆ ಅಭ್ಯಾಸಕ್ಕೆ ಹಾಡಿದೆ, ಈಗೀಗ ನಡುವೆ ಎಲ್ಲೋ ಒಂದೆರಡು ಸಾಲು ನನಗೇ ತಿಳಿಯದೆ ದೇವರ ಕಡೆಗೂ ಹೋಗುತ್ತಿವೆ ಎಂದು ಗುಮಾನಿ. ಆದರೆ ಕಳೆದ ವಾರ ಕಮಿಟಿ ನನ್ನನ್ನು ಹೊರಗಿಟ್ಟು ಕೂಡಿತಂತೆ. ಗುರುವಾರ ಸಂತೆ ಮುಗಿಸಿ ಮಾರ್ಥಕ್ಕ ಬುಟ್ಟಿ ಸಮೇತ ನಮ್ಮ ಜಗುಲಿಗೆ ಬಂದಳು.

“ಕಮಿಟಿಯವರು ನನ್ನನ್ನ ಕಳಿಸಿದ್ದಾರೆ ಸಮುವೇಲಣ್ಣ,” ಎಂದು ನಗು ತಡೆಯಲಾರದೆ ಹೇಳಿದಳು. “ನೀವು ಪಲ್ಲವಿ ಮಾತ್ರ ಹಾಡ್ಬೇಕಂತೆ. ಚರಣ ಬಂದಾಗ ಸುಮ್ನೆ ಬಾಯಿ ಆಡಿಸಿದ್ರೆ ಸಾಕಂತೆ.”