ಗೆದ್ದವರಿಗೂ ಅಗಲಿದವರಿಗೂ ನಡುವೆ ಒಂದು ಕುರ್ಚಿ ಕೋರಿ

ಡೊಂಬಿವಲಿಯ ಪೂರ್ವದಲ್ಲೂ ಪಶ್ಚಿಮದಲ್ಲೂ, ಕಾಲಿಡಲು ಜಾಗ ಸಿಕ್ಕಿದರೆ ಎರಡನ್ನೂ ಜೋಡಿಸುವ ರೈಲ್ವೆ ಸೇತುವೆಯ ಮೇಲೂ ಕೀರ್ತಿ ಹಬ್ಬಿಸಿಕೊಂಡಿರುವ, ಶಾಲು, ಸ್ಮರಣಿಕೆ ಮತ್ತು ಹಣ್ಣಿನ ಬುಟ್ಟಿಗಳ ಅಖಂಡ ದಾತಾರರೂ, ನಮ್ಮ ಕನ್ನಡ ಬಳಗದ ಗುಲಾಬಿ ಮಾಸಾಚರಣೆ ಉಪಸಮಿತಿಯ ಆಜೀವ ಅಧ್ಯಕ್ಷರೂ ಆದ ಶ್ರೀಮಾನ್ ಪುಂಡರೀಕಾಕ್ಷ ರಾಯರ ಪಾದಾರವಿಂದಗಳಿಗೆ, ಮಾಜಿವಾಡಾದಲ್ಲಿ ಹೋಟೆಲು ನಡೆಸುವ ರಮಾಮಣಿಯವರ ಏಕಮಾತ್ರ ಪುತ್ರ ವಿಶ್ರುತನ ಸಾಷ್ಟಾಂಗ ಪ್ರಣಾಮಗಳು. ನಮ್ಮ ಒನ್ ಬಿಎಚ್‌ಕೆಯಲ್ಲಿ ಉದ್ದಕ್ಕೆ ಮಲಗಲು ಜಾಗ ಸಾಲದೆ ಮೊಣಕಾಲು ಮಡಚಿಯೇ ಹಾಕಿದ್ದೇನೆ, ಸ್ವೀಕರಿಸಬೇಕು.

ಮಾನ್ಯರೇ,

ಸ್ತನ ಕ್ಯಾನ್ಸರಿನ ಜಾಗೃತಿಗಾಗಿ ತಾವು ಪ್ರತಿ ಅಕ್ಟೋಬರಿನಲ್ಲಿ ಸಭಾಂಗಣವನ್ನು ಗೋಡೆ ಕಾಣದಷ್ಟು ಗುಲಾಬಿ ಬಲೂನುಗಳಿಂದ ತುಂಬಿಸಿ, ಮೊದಲು ‘ಗೆದ್ದವರಿಗೆ ಸನ್ಮಾನ’, ಆಮೇಲೆ ಬಟಾಟೆವಡೆ ಮತ್ತು ಚಹಾ, ಕೊನೆಗೆ ಮೇಣದಬತ್ತಿ ಹಚ್ಚಿ ‘ಅಗಲಿದವರಿಗೆ ನಮನ’ ಎಂದು ಇಡೀ ರೋಗವನ್ನು ಎರಡೂವರೆ ಗಂಟೆಯಲ್ಲಿ ಮುಗಿಸಿಕೊಡುವ ಶಿಸ್ತನ್ನು ನಾನು ಬಾಲ್ಯದಿಂದಲೂ, ವಿಶೇಷವಾಗಿ ವಡೆಯ ಹಂತದಲ್ಲಿ, ಬೆರಗಿನಿಂದ ನೋಡುತ್ತ ಬಂದವನು. ಆದ್ದರಿಂದ ಈ ವರ್ಷ ಗೆದ್ದವರ ಸಾಲಿನಲ್ಲಿ ಅಮ್ಮನನ್ನೂ ಸೇರಿಸಿ, ಸ್ಟೇಷನ್ ಎದುರು ಹಾಕಿದ ಫ್ಲೆಕ್ಸಿನಲ್ಲಿ ಎಡದಿಂದ ಮೂರನೆಯವಳಾಗಿ ಅವಳ ಫೋಟೋ ಛಾಪಿಸಿ, ಐದು ನಿಮಿಷ ಮಾತಾಡಲೂ ಹೇಳಿದಾಗ ನಮ್ಮ ಮನೆಯಲ್ಲಿ ಆದ ಸಂಭ್ರಮ ಅಷ್ಟಿಷ್ಟಲ್ಲ.

ತಪ್ಪು ಅಮ್ಮನದೇ. ಅವಳಿಗೆ ಸುಳ್ಳು ಹೇಳಿ ಶಾಲು ಹೊದೆಯುವ ಅಭ್ಯಾಸವಿಲ್ಲ. ಎಂಟು ವರ್ಷದ ಹಿಂದೆ ಸ್ತನದಲ್ಲಿ ಬಂದು ಹೋದ ಕ್ಯಾನ್ಸರು ಎರಡೂವರೆ ವರ್ಷದ ಹಿಂದೆ ಬೆನ್ನುಮೂಳೆಯಲ್ಲಿ ಮತ್ತೆ ಕಾಣಿಸಿಕೊಂಡಿದೆ, ಇದನ್ನು ಹತೋಟಿಯಲ್ಲಿಡಬಹುದು, ಪೂರ್ತಿ ಕಳಿಸಲಾಗದು ಎಂದು ಡಾಕ್ಟರು ಹೇಳಿದ್ದಾರೆ, ಹಾಗಾಗಿ ‘ಗೆದ್ದವರು’ ಎಂದು ಹಾಕಬೇಡಿ ಎಂದು ತಮ್ಮ ಕಾರ್ಯದರ್ಶಿ ಹೃಷೀಕೇಶರಿಗೆ ತಾನಾಗಿ ಫೋನ್ ಮಾಡಿಬಿಟ್ಟಳು. ಮೂರು ವಾರ ಮಾತ್ರೆ, ಒಂದು ವಾರ ಬಿಡುವು, ತಿಂಗಳಿಗೊಂದು ಇಂಜೆಕ್ಷನ್, ಮೂರು ತಿಂಗಳಿಗೊಂದು ಸ್ಕ್ಯಾನ್: ಇದು ವಂದನಾರ್ಪಣೆಯೇ ಇಲ್ಲದ ಕಾರ್ಯಕ್ರಮ. ವಂದನಾರ್ಪಣೆಯಿಲ್ಲದ ಕಾರ್ಯಕ್ರಮವನ್ನು ತಮ್ಮ ಬಳಗ ಹೇಗೆ ತಾನೇ ಸಹಿಸೀತು?

ಅಂದು ಸಂಜೆಯೇ ತುರ್ತು ಸಭೆ ನಡೆಯಿತೆಂದು ಕೇಳಿದೆ. ಹೊಸ ಫ್ಲೆಕ್ಸ್ ಬೇಡ, ಇದ್ದದ್ದನ್ನೇ ತಿದ್ದೋಣ ಎಂಬ ಮಿತವ್ಯಯದ ನಿರ್ಣಯವಾಗಿ, ಮಾರನೆಯ ಬೆಳಿಗ್ಗೆ ನಾನು ಕಾಲೇಜಿಗೆ ಹೋಗುವಾಗ ನೋಡುತ್ತೇನೆ, ಅಮ್ಮನ ಮುಖದ ಮೇಲೆ ಸರಿಯಾಗಿ ಕೂರುವಂತೆ ಒಂದು ದೊಡ್ಡ ಗುಲಾಬಿ ರಿಬ್ಬನ್ನಿನ ಸ್ಟಿಕ್ಕರ್. ಕೆಳಗೆ ಸೀರೆ ಅವಳದೇ, ಕರಿಮಣಿ ಅವಳದೇ, ಕತ್ತಿನ ಮೇಲೆ ಮಾತ್ರ ಜಾಗೃತಿ. ಇಡೀ ಠಾಣೆ ಜಿಲ್ಲೆಯಲ್ಲಿ ಇಂಥ ಗೌರವ ಇನ್ನೊಬ್ಬರಿಗೆ ಸಿಕ್ಕಿರಲಾರದು.

ಹೃಷೀಕೇಶರು ಸಮಾಧಾನ ಹೇಳಲು ಫೋನ್ ಮಾಡಿದ್ದು ಅಮ್ಮ ಹೋಟೆಲಿನಲ್ಲಿ ಸಾಂಬಾರಿನ ಉಪ್ಪು ನೋಡುತ್ತಿದ್ದ ಹೊತ್ತಿಗೆ. ಬೇಸರ ಮಾಡ್ಕೊಳ್ಬೇಡಿ ರಮಕ್ಕ, ಟ್ರೀಟ್‌ಮೆಂಟ್ ಒಂದು ಮುಗಿಸ್ಕೊಂಡು ಬನ್ನಿ, ಮುಂದಿನ ವರ್ಷಕ್ಕೆ ಇದೇ ಶಾಲು ತೆಗೆದಿಡ್ತೇವೆ ಎಂದರಂತೆ. ಅಮ್ಮ ಸೌಟು ಕೆಳಗಿಟ್ಟು ಹೇಳಿದ್ದನ್ನು ನಾನೇ ಪಕ್ಕದಲ್ಲಿ ನಿಂತು ಕೇಳಿದ್ದೇನೆ.

“ನನ್ನ ಟ್ರೀಟ್‌ಮೆಂಟ್ ಮುಗಿದ ದಿನ ನಾನು ನಿಮ್ಮ ಮೇಣದಬತ್ತಿ ಪಟ್ಟಿಗೇ ಬರ್ತೇನಲ್ಲ ಹೃಷೀಕೇಶಣ್ಣ. ಅಲ್ಲಿವರೆಗೆ ಮೈಕ್ ಕೊಡಿ.”

ಆ ಕ್ಷಣಕ್ಕೇ ಕಾರ್ಯದರ್ಶಿಗಳ ನೆಟ್‌ವರ್ಕ್ ಕೈಕೊಟ್ಟಿತು. ಮಾಜಿವಾಡಾದ ಫ್ಲೈಓವರ್ ಕೆಳಗೆ ಹೀಗಾಗುವುದುಂಟು, ನಾವು ತಪ್ಪು ತಿಳಿಯಲಿಲ್ಲ.

ಮಾನ್ಯರೇ, ರೋಗವಾದರೂ ಪೂರ್ಣಗೊಂಡದ್ದರ ಪ್ರಮಾಣಪತ್ರ ಸಮೇತ ಬರಬೇಕೆಂಬ ತಮ್ಮ ನಿಯಮ ಅತ್ಯಂತ ಶ್ಲಾಘ್ಯ. ಆದರೆ ಕಾಮೋಠೆಯಲ್ಲಿರುವ ನನ್ನ ಸೋದರಮಾವನ ಬಿಲ್ಡಿಂಗಿಗೆ ಬಿಲ್ಡರ್ ಇವತ್ತಿಗೂ ಓಸಿ, ಅಂದರೆ ವಾಸಕ್ಕೆ ಸಿದ್ಧವೆಂಬ ಪ್ರಮಾಣಪತ್ರ, ತಂದುಕೊಟ್ಟಿಲ್ಲ. ಕಾಗದದ ಪ್ರಕಾರ ಅದಿನ್ನೂ ಕಟ್ಟಿ ಮುಗಿಯದ ಕಟ್ಟಡ, ಮಾವ ಮಾತ್ರ ಅದರೊಳಗೇ ಹದಿನಾರು ವರ್ಷ ಸಂಸಾರ ಮಾಡಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ, ಈಗ ಗ್ಯಾಲರಿಯಲ್ಲಿ ಬಸಳೆ ಹಬ್ಬಿಸಿದ್ದಾನೆ. ಅಮ್ಮನೂ ಸದ್ಯ ಹಾಗೇ ವಾಸವಾಗಿದ್ದಾಳೆ. ಅವಳಿಗೆ ತಲೆತುಂಬ ಕೂದಲಿದೆ, ನಾಲ್ಕು ಕೆಜಿ ಹೆಚ್ಚಾಗಿದ್ದಾಳೆ, ನೋಡಿದರೆ ಹಾಗನ್ನಿಸುವುದೇ ಇಲ್ಲ ಎಂದು ತಾವೇ ಒಮ್ಮೆ ಅನುಮಾನದಿಂದ ನುಡಿದದ್ದುಂಟು. ತಮ್ಮ ಕಣ್ಣಿಗೆ ತಕ್ಕಂತೆ ಕಾಣಿಸದಿದ್ದುದಕ್ಕೆ ಅವಳ ಪರವಾಗಿ ಕ್ಷಮೆ ಕೋರುತ್ತೇನೆ.

ಹೀಗಿರುವಲ್ಲಿ ನನ್ನ ವಿನಂತಿ ಇಷ್ಟೇ. ಒಂದೋ ಅಮ್ಮನ ಬೆನ್ನುಮೂಳೆಯಲ್ಲಿರುವ ಜೀವಕೋಶಗಳಿಗೆ ಬಳಗದ ಲೆಟರ್‌ಹೆಡ್ಡಿನಲ್ಲಿ, ತಮ್ಮ ಹಸಿರು ಶಾಯಿಯ ರುಜುವಿನೊಂದಿಗೆ, ಕಾರ್ಯಕ್ರಮಕ್ಕೆ ಮೂರು ದಿನ ಮುಂಚಿತವಾಗಿ ಜಾಗ ಖಾಲಿ ಮಾಡತಕ್ಕದ್ದು ಎಂದು ಸುತ್ತೋಲೆ ಹೊರಡಿಸಬೇಕು. ಅದು ನಿಯಮಾವಳಿಯಲ್ಲಿ ಕೂರದಿದ್ದರೆ ಅವಳಿಗೆ ಅರ್ಧ ಶಾಲು, ಅರ್ಧ ಮೇಣದಬತ್ತಿ ಮಂಜೂರು ಮಾಡಿ, ವಡೆಯ ಹೊತ್ತಿಗೆ ವೇದಿಕೆಯ ಮೇಲೆ ಒಂದು ಕುರ್ಚಿ ಹಾಕಿಸಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿ, ಪ್ಲಾಸ್ಟಿಕ್ಕಿನದು ಬೇಡ.

ಆ ಐದು ನಿಮಿಷದಲ್ಲಿ ಅವಳು ಹೇಳುವುದಿಷ್ಟು, ಬಿಲ್ ಬುಕ್ಕಿನ ಹಿಂದೆ ಬರೆದಿಟ್ಟುಕೊಂಡದ್ದನ್ನು ನಾನು ಕದ್ದು ಓದಿದ್ದೇನೆ. ‘ಗಲ್ಲಾದ ಸ್ಟೂಲಿನ ಮೇಲೆ ಕೂತು ಕೂತು ಬೆನ್ನು ನೋಯುತ್ತದೆ ಅಂದುಕೊಂಡು ಎಂಟು ತಿಂಗಳು ಎಣ್ಣೆ ತಿಕ್ಕಿದೆ. ಒಮ್ಮೆ ಈ ಕಾಯಿಲೆ ಆದವರು ಹೋಗದ ನೋವನ್ನು ಎಣ್ಣೆಗೆ ಬಿಡಬೇಡಿ, ಡಾಕ್ಟರಿಗೆ ಹೇಳಿ. ಮತ್ತೆ ಬಂದರೂ ಅಂದೇ ಎಲ್ಲ ಮುಗಿಯುವುದಿಲ್ಲ, ನಾನು ಇಲ್ಲಿದ್ದೇನೆ, ನನ್ನಂಥವರು ಈ ಸಭೆಯಲ್ಲಿ ಇನ್ನೂ ಇರಬಹುದು, ಕೈ ಎತ್ತಿ.’ ಇಷ್ಟೇ. ಇದರಲ್ಲಿ ಬಲೂನು ಒಡೆಯುವಂಥದ್ದೇನೂ ನನಗೆ ಕಾಣಲಿಲ್ಲ.

ಗೆಲ್ಲದೆಯೂ ಅಗಲದೆಯೂ,
ತಮ್ಮ ಚಿರಂತನ ವಿಶ್ವಾಸಿ,
ವಿಶ್ರುತ

ವಿ.ಸೂ.: ಫ್ಲೆಕ್ಸಿನ ಸ್ಟಿಕ್ಕರನ್ನು ನಿನ್ನೆ ಯಾರೋ ಕಿಡಿಗೇಡಿ ಕಿತ್ತು, ಅದನ್ನೇ ತಮ್ಮ ಫೋಟೋದ ಮೇಲೆ ಅಂಟಿಸಿದ್ದಾನೆಂದು ಕೇಳಿ ದುಃಖವಾಯಿತು. ತಮಗೆ ತುಂಬ ಒಪ್ಪುತ್ತದೆಂದು ಜನ ಆಡಿಕೊಳ್ಳುತ್ತಿದ್ದಾರೆ.

ಇನ್ನೊಂದು. ‘ಅಮ್ಮ ಕ್ಯಾನ್ಸರ್ ಗೆದ್ದಳು’ ಎಂಬ ಪೋಸ್ಟೊಂದು ಎರಡೂವರೆ ವರ್ಷದಿಂದ ನನ್ನ ಫೋನಿನಲ್ಲಿ ಬರೆದು ಸಿದ್ಧವಾಗಿದೆ, ಮೂರು ಗುಲಾಬಿ ಹೃದಯಗಳ ಸಮೇತ. ಪ್ರತಿ ಸ್ಕ್ಯಾನಿನ ಹಿಂದಿನ ದಿನ ತಾರೀಖು ಮಾತ್ರ ಬದಲಾಯಿಸುತ್ತೇನೆ. ಈ ಸಲದ್ದನ್ನೂ ಬದಲಾಯಿಸಿ ಆಯಿತು.