ಬಣ್ಣ ಬಳಿದ ಸತುವಿನ ಗಟ್ಟಿ

ಓದಿದ್ದು ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದು ನಮ್ಮ ತಂದೆ ಹೇಳುತ್ತಿದ್ದರು. ಬಂತು. ಬಂದ ದಿನ ನಾನು ಕೆಂಗೇರಿ ಕೆರೆಯ ನಡುವೆ, ಹಿಂಭಾಗ ಕಿತ್ತುಹೋದ ದೋಣಿಯೊಂದರಲ್ಲಿ, ಬೂದುಗುಂಬಳಕಾಯಿಯನ್ನು ತಬ್ಬಿಕೊಂಡು ಕೂತಿದ್ದೆ. ಇವತ್ತಿಗೂ ಬಚ್ಚಲಿನಲ್ಲಿ ಹಂಡೆಗೆ ಅದ್ದಿದ ಚೊಂಬು ಗುಳುಗುಳು ಎಂದರೆ ಸಾಕು, ನನ್ನ ಕೈ ತಾನಾಗಿ ಗುಂಡಗಿನದೇನನ್ನೋ ಹುಡುಕುತ್ತದೆ. ಒಳಗಿಂದ ಬಹಳ ಹೊತ್ತು ಸದ್ದು ಬರದಿದ್ದರೆ ನನ್ನ ಹೆಂಡತಿ ಬಾಗಿಲು ತಟ್ಟಿ, "ಏನ್ರೀ, ಕೆಂಗೇರಿಗೆ ಹೋದ್ರಾ?" ಎಂದು ಕೇಳುತ್ತಾಳೆ.

ಕೆಂಗೇರಿಯಲ್ಲಿರುವುದು ನನ್ನ ಅಕ್ಕ ಮತ್ತು ಭಾವ. ಭಾವ ಮುದ್ದಪ್ಪನವರದು ತಲೆತಲಾಂತರದ ಬೇಸಾಯದ ಮನೆ. ಮನೆ ಕೆರೆಯ ಈ ದಡದಲ್ಲಿ, ತೋಟ ಆ ದಡದಲ್ಲಿ. ಅವರ ಅಪ್ಪ, ತಾತ ಎಲ್ಲರೂ ಏರಿಯ ಮೇಲೆ ನಡೆದೇ ತೋಟಕ್ಕೆ ಹೋದವರು. ನಮ್ಮ ಭಾವ ಮಾತ್ರ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನಲ್ಲಿ ಒಂದು ಮೋಟಾರು ದೋಣಿಯನ್ನು ಹಿಡಿದು, ಎತ್ತಿನ ಗಾಡಿಯ ಮೇಲೆ ಹೇರಿಸಿಕೊಂಡು ಬಂದರು. ಆ ದೋಣಿಯ ಎಂಜಿನ್ನು ಒಳಗೆ ಇತ್ತು. ಹಿಂಬದಿಯ ಹಲಗೆಯಲ್ಲಿ ದೊಡ್ಡ ತೂತು. ತೂತಿನ ಹೊರಗೆ ನೀರಿಗೆ ಇಳಿಬಿದ್ದಂತೆ ಅಲ್ಯೂಮಿನಿಯಮ್ಮಿನ ಒಂದು ಕಾಲು, ಆ ಕಾಲಿನ ತುದಿಗೆ ಹಿತ್ತಾಳೆಯ ರೆಕ್ಕೆ. ಎಂಜಿನ್ನು ತಿರುಗಿದರೆ ರೆಕ್ಕೆ ತಿರುಗಬೇಕು, ದೋಣಿ ಓಡಬೇಕು. ಓಡುತ್ತಿತ್ತು ಕೂಡ. ಅದರ ಸದ್ದಿಗೆ ಕೆರೆಯಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ಮನೆಗೆ ಹೋಗುತ್ತಿದ್ದವು.

ಕೆಲವು ತಿಂಗಳಲ್ಲೇ ಆ ಕಾಲಿನ ಮೇಲೆ ಬಿಳಿಯ ಪುಡಿ ಎದ್ದು, ಸಣ್ಣಸಣ್ಣ ಕುಳಿಗಳು ಬಿದ್ದವು. ಭಾವ ನನ್ನನ್ನು ಕರೆಸಿದರು. ನಾನು ರಸಾಯನಶಾಸ್ತ್ರ ಓದಿದ ಬಿ.ಎಸ್ಸಿ. ರಾಜಾಜಿನಗರದಲ್ಲಿ ಮನೆ, ಊರೊಳಗಿನ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಅಲ್ಲಿ ನನ್ನ ಪಾಲಿಗೆ ಬರುವ ರಾಸಾಯನಿಕಗಳು ಶಾಯಿ ಮತ್ತು ಗೋಂದು, ಎರಡೇ. ಹೀಗಾಗಿ ಯಾರಾದರೂ ವಿಜ್ಞಾನದ ಪ್ರಶ್ನೆ ಕೇಳಿದರೆ ನನಗೆ ಮೈಮೇಲೆ ಬರುತ್ತದೆ.

"ಗೆದ್ದಲು ಹತ್ತಿದೆ ಕಣಯ್ಯ. ಬೇವಿನೆಣ್ಣೆ ಹಚ್ದೆ, ಜಗ್ಲಿಲ್ಲ," ಎಂದರು ಭಾವ.

"ಲೋಹಕ್ಕೆ ಗೆದ್ದಲು ಹತ್ತಲ್ಲ ಭಾವ."

"ಮಿಲಿಟರಿ ಸಾಮಾನು. ಯಾವ ದೇಶದ ಗೆದ್ದಲೋ ಏನೋ, ನಿಂಗೇನು ಗೊತ್ತು?"

ನಾನು ಜಗುಲಿಯ ಮೇಲೆ ಕೂತು ವಿವರಿಸಿದೆ. ಎರಡು ಜಾತಿಯ ಲೋಹಗಳು ಒಂದಕ್ಕೊಂದು ತಾಗಿಕೊಂಡು ನೀರಿನಲ್ಲಿ ಕೂತರೆ ಅದು ಬ್ಯಾಟರಿಯೇ ಆಯಿತು. ಹಿತ್ತಾಳೆ ಹಾಯಾಗಿರುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ಇದಕ್ಕೆ ಮದ್ದು ಏನೆಂದರೆ, ಕಾಲು, ಎಂಜಿನ್ನು, ಬ್ಯಾಟರಿಯ ಒಂದು ತುದಿ, ಎಲ್ಲವನ್ನೂ ದಪ್ಪ ತಾಮ್ರದ ತಂತಿಯಿಂದ ಒಂದೇ ಬೋಲ್ಟಿಗೆ ತಂದು ಬಿಗಿಯಬೇಕು. ಕಾಲಿನ ಪಕ್ಕದಲ್ಲಿ ನೀರಿನೊಳಗೆ ಸತುವಿನ ಗಟ್ಟಿಯೊಂದನ್ನು ಅದೇ ತಂತಿಗೆ ಸೇರಿಸಿ ಕಟ್ಟಬೇಕು. ಆಗ ಸತು ಸವೆಯುತ್ತದೆ, ಮಿಕ್ಕವು ಉಳಿಯುತ್ತವೆ.

ತಂತಿ ಎಂದ ಕೂಡಲೇ ಭಾವನಿಗೆ ನಮ್ಮ ರಾಜಾಜಿನಗರದ ಮನೆಯ ಅರ್ತ್ ಗುಂಡಿ ನೆನಪಾಯಿತು. ಹೊಸದಾಗಿ ಕರೆಂಟು ಬಂದಾಗ ಹಿತ್ತಲಿನಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ ತಂತಿ ಹೂತಿದ್ದರು. ನನ್ನ ಹೆಂಡತಿ ಆಗಾಗ ಅದಕ್ಕೆ ನೀರು ಹೊಯ್ಯುವುದನ್ನು ಭಾವ ನೋಡಿದ್ದರು. ಮುಂದಿನ ವಾರ ನಾನು ಹೋಗಿ ನೋಡಿದರೆ ದೋಣಿಯೊಳಗೆ ಒಂದು ಮಣ್ಣಿನ ಮಡಕೆ. ಅದರೊಳಗೆ ಇದ್ದಿಲು, ಉಪ್ಪು, ತೋಟದ ಮಣ್ಣು. ತಂತಿಯ ತುದಿ ಅದರಲ್ಲಿ ಹೂತಿತ್ತು. "ನೀರ ಮೇಲೆ ಭೂಮಿ ಎಲ್ಲಿಂದ ಬರ್ಬೇಕು? ಅದಕ್ಕೆ ನಾವೇ ತಗೊಂಡ್ಹೋಗೋದು," ಎಂದರು. ಅವರನ್ನು ಒಪ್ಪಿಸಿ ಆ ಮಡಕೆಯನ್ನು ಇಳಿಸುವ ಹೊತ್ತಿಗೆ ನನ್ನ ಗಂಟಲು ಬತ್ತಿತು.

ಕೊನೆಗೂ ನಾನು ಹೇಳಿದ ಹಾಗೆಯೇ ತಂತಿ ಬಿಗಿದು, ಸತುವಿನ ಗಟ್ಟಿ ಕಟ್ಟಿದರು. ಮಂತ್ರ ಹಾಕಿದ ಹಾಗೆ ಕಾಲಿನ ಕುಳಿಗಳು ನಿಂತವು, ಸತು ಮಾತ್ರ ಬಳಸಿದ ಸೋಪಿನ ಹಾಗೆ ಸವೆಯುತ್ತ ಬಂತು. ಭಾವ ನನ್ನನ್ನು ಊರವರೆದುರು ಹೊಗಳಿದರು. ಸಪ್ಪಗಿದ್ದವಳು ನಮ್ಮ ಅಕ್ಕ ಒಬ್ಬಳೇ. ಅವಳ ಮನೆಯಲ್ಲಿ ಏನೂ ಹಾಳಾಗುವಂತಿಲ್ಲ. ಹರಿದ ಸೀರೆ ಕೌದಿಯಾಗುತ್ತದೆ, ಮುರಿದ ಸೌಟಿಗೆ ಹಿಡಿ ಬರುತ್ತದೆ. "ಕರಗ್ಲಿ ಅಂತ ಯಾರಾದ್ರೂ ಸಾಮಾನು ಕಟ್ತಾರೇನೋ? ಒಳ್ಳೇ ಗಟ್ಟಿ ಕಣೋ, ಹೊಟ್ಟೆ ಉರಿಯತ್ತೆ," ಎಂದಳು. ನಾನು ನಕ್ಕೆ. ಅಲ್ಲಿಗೆ ಆ ಮಾತು ಮುಗಿಯಿತೆಂದುಕೊಂಡೆ.

ಆ ಸಲದ ಆಯುಧಪೂಜೆಗೆ ದೋಣಿಯನ್ನು ದಡಕ್ಕೆಳೆದು, ಕಾಲು, ತಂತಿ ಎಲ್ಲ ಬಿಚ್ಚಿ ತೊಳೆದರಂತೆ. ಹೊಸ ಸತುವಿನ ಗಟ್ಟಿಯೂ ಬಂದಿತ್ತಂತೆ. ನಾನು ಆ ಹಬ್ಬಕ್ಕೆ ಹೋಗಿರಲಿಲ್ಲ. ಹೋದದ್ದು ಮರುವರ್ಷದ ಆಯುಧಪೂಜೆಗೆ. ಅಷ್ಟು ಹೊತ್ತಿಗೆ ದೋಣಿ ಮದುವಣಗಿತ್ತಿಯಂತಿತ್ತು. ಕಾಲಿಗೆ ಮೈತುಂಬ ನೀಲಿ ಬಣ್ಣ, ಅದರ ಮೇಲೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ಹಿತ್ತಾಳೆಯ ರೆಕ್ಕೆಯನ್ನು ಅಕ್ಕ ಹುಣಸೇಹಣ್ಣು ಹಾಕಿ ತಿಕ್ಕಿ, ಮುಖ ನೋಡಿಕೊಳ್ಳುವಷ್ಟು ಹೊಳಪು ಮಾಡಿದ್ದಳು. ಪೂಜೆಯಾಯಿತು. ಇನ್ನು ಆ ದಡದ ಪಂಪ್‌ಸೆಟ್ಟಿಗೆ ಪೂಜೆ ಆಗಬೇಕು. ಅದಕ್ಕೆಂದು ತೆಗೆದಿಟ್ಟ ಕುಂಬಳಕಾಯಿಯನ್ನು ಭಾವ ನನ್ನ ಕೈಗೆ ಕೊಟ್ಟು, "ಹತ್ತು," ಎಂದರು.

"ನಂಗೆ ಈಜು ಬರಲ್ಲ ಭಾವ. ನಾನು ಏರಿ ಮೇಲೆ ನಡ್ಕೊಂಡು ಬರ್ತೀನಿ."

"ತಂತಿ ಕಟ್ಟು ಅಂದೋನು ನೀನು. ನಿಂಗೇ ನಂಬಿಕೆ ಇಲ್ದಿದ್ರೆ ನಾನು ಹೆಂಗಯ್ಯ ಹತ್ಲಿ?"

ಊರವರು ನೋಡುತ್ತಿದ್ದರು. ಬಿ.ಎಸ್ಸಿ. ಮಾನದ ಪ್ರಶ್ನೆ. ಹತ್ತಿದೆ.

ಕೆರೆಯ ನಡುವಿಗೆ ಬಂದಾಗ ಭಾವ ಎಂಜಿನ್ನಿನ ಸದ್ದನ್ನು ಮೀರಿಸಿ ಕೂಗಿದರು: "ನಿನ್ನ ತಂತಿ ಬಲೇ ಗಟ್ಟಿ ಕಣಯ್ಯ. ಈ ವರ್ಷ ಆ ಸತೂನೂ ಕರಗಿಲ್ಲ. ತಂದಂಗೇ ಇದೆ."

ನಾನು ಸಂತೋಷದಿಂದ ತಲೆಯಾಡಿಸಿದೆ. ಎರಡನೆಯ ಸಲ ಆಡಿಸುವಾಗ ತಲೆ ಅರ್ಧಕ್ಕೇ ನಿಂತಿತು. ಸತು ಕರಗದೆ ಇದ್ದರೆ ಅದರ ಬದಲಿಗೆ ಇನ್ನೇನೋ ಕರಗುತ್ತಿರಬೇಕು. ಓದಿದ್ದು ಉಪಯೋಗಕ್ಕೆ ಬಂದದ್ದು ಈ ಗಳಿಗೆಯಲ್ಲಿ.

"ಭಾವ, ಸತುವಿಗೂ ಬಣ್ಣ ಬಳಿದಿದೀರಾ?"

"ನಿಮ್ಮಕ್ಕ ಬಳಿದ್ಲು, ಹೋದ್ಸಲಾನೇ. ತಂತಿ ತುದಿಗೂ ಬಳಿದು ಒಣಗಿಸಿ ಬಿಗಿದ್ವಿ. ಸವೀಬಾರ್ದಲ್ಲ."

ಬಣ್ಣದೊಳಗೆ ಸತು ಬೆಚ್ಚಗೆ ಮಲಗಿತ್ತು, ಬಣ್ಣ ಮೆತ್ತಿದ ತಂತಿ ಯಾವುದಕ್ಕೂ ತಾಗದೆ ಸುಮ್ಮನಿತ್ತು, ಹೊಳೆಯುವ ಹಿತ್ತಾಳೆ ವರ್ಷವಿಡೀ ಆ ಕಾಲನ್ನೇ ತಿಂದಿತ್ತು. ಬಣ್ಣ ಎದ್ದ ಕಡೆಯೆಲ್ಲ ಒಳಗೆ ಟೊಳ್ಳು. ಇದನ್ನೆಲ್ಲ ಭಾವನಿಗೆ ವಿವರಿಸಲು ಬಾಯಿ ತೆರೆದೆ. ಹಿಂದೆ ಲಟಕ್ ಎಂದಿತು. ನೀಲಿ ಕಾಲು ಪಕ್ಕದ ಸತುವಿನ ಗಟ್ಟಿ, ಸೇವಂತಿಗೆ ಹಾರದ ಸಮೇತ ನೀರಿಗಿಳಿಯಿತು. ಕಾಲಿದ್ದ ಜಾಗದ ತೂತಿನಿಂದ ನೀರು ಒಳಗೆ ನುಗ್ಗಿತು. ಎಂಜಿನ್ನು ಮಾತ್ರ ಏನೂ ಆಗದವರ ಹಾಗೆ ಬಡಬಡ ಎನ್ನುತ್ತಲೇ ಇತ್ತು.

ನಾನು ಏನೇನು ಕೂಗಿದೆನೋ ತಿಳಿಯದು. ಕುಲದೇವರನ್ನು ಕರೆದೆ ಎಂದು ನನ್ನ ನಂಬಿಕೆ. ಕಚೇರಿಯ ಮೇಲಧಿಕಾರಿಯನ್ನು ಕರೆದೆ ಎಂದು ಭಾವನ ಹೇಳಿಕೆ. ನೀರು ಕಣಕಾಲಿಗೆ ಬಂತು, ಮೊಣಕಾಲಿಗೆ ಬಂತು. ಭಾವ ಎಂಜಿನ್ನು ಆರಿಸಿ, ಪಂಚೆಯನ್ನು ಎತ್ತಿಕಟ್ಟಿ, ಕೆರೆಗೆ ಇಳಿದುಬಿಟ್ಟರು. ಇಳಿದು ನಿಂತರು. ನೀರು ಅವರ ಸೊಂಟಕ್ಕಿತ್ತು.

"ಇಳಿಯಯ್ಯ. ಇಲ್ಲೆಲ್ಲ ಹೂಳು."

ಕಣ್ಣಿಗೆ ಕಾಣುತ್ತಿತ್ತು, ಬುದ್ಧಿಗೂ ಗೊತ್ತಾಗುತ್ತಿತ್ತು. ಕಾಲು ಮಾತ್ರ ಒಪ್ಪಲಿಲ್ಲ. ನಾನು ಕುಂಬಳಕಾಯಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದೆ. ದೋಣಿ ಇನ್ನೇನು ನೆಲ ಮುಟ್ಟುವುದರಲ್ಲಿತ್ತು. ಅದನ್ನು ಭಾವ ಹಗ್ಗ ಕಟ್ಟಿ, ಕೆಸರಿನಲ್ಲಿ ಕಾಲು ಹೂತುಕೊಳ್ಳುತ್ತ, ಒಂದೊಂದು ಹೆಜ್ಜೆಗೂ ನನ್ನ ವಿದ್ಯಾಭ್ಯಾಸವನ್ನು ನೆನೆಯುತ್ತ, ನನ್ನ ಸಮೇತ ದಡಕ್ಕೆಳೆದರು. ದಡದಿಂದ ಅಕ್ಕ ಕೂಗುತ್ತಿದ್ದಳು: "ಕುಂಬಳಕಾಯಿ ಬಿಡೋ, ಅದನ್ನ ಒಡೀಬೇಕು."

ಈಗ ಆ ದೋಣಿಗೆ ಹೊಸ ಕಾಲು ಬಂದಿದೆ. ತಂತಿಯ ತುದಿಗಳನ್ನು ಬಣ್ಣವಿಲ್ಲದಂತೆ ಉಜ್ಜಿ ಬಿಗಿದಿದ್ದಾರೆ, ಸತುವೂ ಬರಿಮೈಯಲ್ಲಿ ನೇತಾಡುತ್ತ ಧಾರಾಳವಾಗಿ ಸವೆಯುತ್ತಿದೆ. ಅಕ್ಕ ಆ ಕಡೆ ನೋಡುವುದಿಲ್ಲ. ಹಳೆಯ ನೀಲಿ ಗಟ್ಟಿಯನ್ನು ಭಾವ ಕೆಸರಿನಿಂದ ಹುಡುಕಿ ತೆಗೆದು, ರಾಜಾಜಿನಗರದವರೆಗೂ ಹೊತ್ತು ತಂದು ನನ್ನ ಕೈಯಲ್ಲಿಟ್ಟರು.

"ಇಟ್ಕೋ. ಮಿಕ್ಕವ್ರಿಗೋಸ್ಕರ ಸವೀಲಿ ಅಂತ ಕಟ್ಟಿದ್ದು. ಮಿಕ್ಕವ್ರೆಲ್ಲ ನೀರಿಗೆ ಬಿದ್ರೂ ತಾನು ಒಂಚೂರೂ ಸವೀದೆ ಕೂತಿತ್ತು. ನೋಡ್ದಾಗ ನಿನ್ನ ಜ್ಞಾಪಕ ಬಂತು."

ಗಟ್ಟಿ ಈಗ ನಮ್ಮ ನಡುಮನೆಯಲ್ಲಿ, ನನ್ನ ಆರಾಮಕುರ್ಚಿಯ ಪಕ್ಕದಲ್ಲಿದೆ. ಹೆಂಡತಿ ಕಸ ಗುಡಿಸುವಾಗ ಅದನ್ನು ಎತ್ತಿ ಆಚೆ ಇಡುತ್ತಾಳೆ, ಪೊರಕೆ ಹಿಡಿದು ನಿಂತು ನನ್ನನ್ನು ನೋಡುತ್ತಾಳೆ. "ಇದನ್ನೇನೋ ಎತ್ತಿಡಬಹುದು," ಎನ್ನುತ್ತಾಳೆ. ನಾನು ಕಾಲೆರಡನ್ನೂ ಮೇಲಕ್ಕೆತ್ತಿ, ಮಡಿಲಿನಲ್ಲಿದ್ದ ದಿಂಬನ್ನು ತಬ್ಬಿಕೊಂಡು, ಅವಳು ಗುಡಿಸಿ ಮುಗಿಸುವವರೆಗೂ ಹಾಗೆಯೇ ಕೂತಿರುತ್ತೇನೆ.